ಸಿಕ್ಕಿದ್ದು ಸ್ಟಾಂಪು, ಸಿಗದೆ ಉಳಿದದ್ದು ದಿನದ ಚಟ

ಹದಿಹರೆಯದ ಮಗುವಿನ ಪೆನ್ಸಿಲ್ ಡಬ್ಬಿಯಲ್ಲಿ ಕಿರುಬೆರಳ ಉಗುರಿನಷ್ಟು ಅಗಲದ ಬಣ್ಣದ ಕಾಗದದ ಚೂರು ಸಿಗುತ್ತದೆ. ಎಲ್‌ಎಸ್‌ಡಿ ಎಂಬ, ಇಲ್ಲದ್ದನ್ನು ಕಾಣಿಸುವ ಮಾದಕವನ್ನು ಇಂಗಿಸಿದ ಸ್ಟಾಂಪು. ಅಲ್ಲಿಂದ ಮುಂದೆ ಎಲ್ಲರ ಮಾತೂ ಆ ಚೂರಿನ ಸುತ್ತಲೇ ಗಿರಕಿ ಹೊಡೆಯುತ್ತದೆ: ಯಾರು ಕೊಟ್ಟರು, ಎಷ್ಟು ಸಲ, ಏನೇನು ಕಾಣಿಸಿತು. ಸ್ಟಾಂಪು ವರ್ಷಕ್ಕೆ ನಾಲ್ಕು ಸಲ ಇದ್ದೀತು. ದಿನಾ ಸಂಜೆಯ ಗಾಂಜಾ, ಎದ್ದ ಹತ್ತೇ ನಿಮಿಷಕ್ಕೆ ಬೇಕಾಗುವ ವೇಪು (ಇ-ಸಿಗರೇಟು), ವಾರದ ಕೊನೆಯ ಮದ್ಯ, ಇವುಗಳ ಲೆಕ್ಕ ಕೇಳಿದವರು ಮಾತ್ರ ಯಾರೂ ಇಲ್ಲ. ಭ್ರಮಾಜನಕಗಳನ್ನು ಬಳಸುವ ಹರೆಯದವರ ಚಿಕಿತ್ಸೆ ಹಳಿ ತಪ್ಪುವುದು ಹೆಚ್ಚಾಗಿ ಇಲ್ಲೇ.

ಭ್ರಮಾಜನಕ ಎಂಬ ಒಂದೇ ಹೆಸರಿನಡಿ ಒಂದಕ್ಕೊಂದು ಸಂಬಂಧವಿಲ್ಲದ ಪದಾರ್ಥಗಳನ್ನು ತುಂಬಿಟ್ಟಿದ್ದೇವೆ. ಎಲ್‌ಎಸ್‌ಡಿ, ಸೈಲೋಸೈಬಿನ್ ಇರುವ ಅಣಬೆ, ಡಿಎಂಟಿ, ಮೆಸ್ಕಲಿನ್ ಇವು ಮೆದುಳಿನಲ್ಲಿ ಸೆರೊಟೋನಿನ್ ಎಂಬ ಸಂದೇಶವಾಹಕ ರಾಸಾಯನಿಕವನ್ನು ಹಿಡಿಯುವ 2ಎ ಗ್ರಾಹಕಗಳನ್ನು ಕೆರಳಿಸುತ್ತವೆ. ಎಂಡಿಎಂಎ (ಎಕ್ಸ್ಟಸಿ) ಸೆರೊಟೋನಿನ್, ನೋರ್‌ಅಡ್ರಿನಲಿನ್, ಡೋಪಮೈನ್ ಎಂಬ ರಾಸಾಯನಿಕಗಳನ್ನು ಹೊರಗೆ ಸುರಿಸುತ್ತದೆ. ಅರ್ಧ ಉತ್ತೇಜಕ, ಅರ್ಧ ಭ್ರಮಾಜನಕ. ಅರಿವಳಿಕೆಗೆ ಬಳಸುವ ಕೆಟಮೈನ್, ಅದರದೇ ಜಾತಿಯ ಪಿಸಿಪಿ ಮತ್ತು ಕೆಮ್ಮಿನ ಸಿರಪ್ಪಿನ ಡೆಕ್ಸ್ಟ್ರೊಮೆಥಾರ್ಫನ್ ಗ್ಲುಟಮೇಟ್ ಎಂಬ ಇನ್ನೊಂದು ರಾಸಾಯನಿಕದ ಎನ್‌ಎಂಡಿಎ ಗ್ರಾಹಕಗಳನ್ನು ತಡೆದು, ದೇಹ ಬೇರೆ ತಾನು ಬೇರೆ ಎನ್ನಿಸುವಂತೆ ಮಾಡುತ್ತವೆ. ಅಮೆರಿಕದ ಮನೋವೈದ್ಯರ ರೋಗಪಟ್ಟಿ ಡಿಎಸ್‌ಎಂ-5 ಎಂಡಿಎಂಎಯನ್ನು ಎಲ್‌ಎಸ್‌ಡಿಯ ಸಾಲಿನಲ್ಲಿ ಕೂರಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಅದಕ್ಕೂ ಕೆಟಮೈನಿಗೂ ಬೇರೆ ಬೇರೆ ಮನೆ ಕೊಟ್ಟಿದೆ. ಇದು ಬರೀ ವರ್ಗೀಕರಣದ ಜಗಳವಲ್ಲ. ಯಾವುದರ ಚಟ ಹತ್ತುತ್ತದೆ, ಯಾವುದರದು ಹತ್ತುವುದು ಕಷ್ಟ ಎಂಬುದು ಈ ವ್ಯತ್ಯಾಸದಲ್ಲೇ ಇದೆ.

ಎಲ್‌ಎಸ್‌ಡಿಯನ್ನು ದಿನಾ ತೆಗೆದುಕೊಳ್ಳುವುದೇ ಕಷ್ಟ. ಮೂರ್ನಾಲ್ಕು ದಿನ ಸತತವಾಗಿ ತೆಗೆದುಕೊಂಡರೆ ದೇಹ ಅದಕ್ಕೆ ಒಗ್ಗಿಬಿಡುತ್ತದೆ, ಅಷ್ಟೇ ಪ್ರಮಾಣಕ್ಕೆ ಏನೂ ಆಗುವುದಿಲ್ಲ. ಹಳೆಯ ಪರಿಣಾಮ ಮರಳಲು ಒಂದು ವಾರದಷ್ಟು ಬಿಡಬೇಕು. ಅಷ್ಟರಲ್ಲಿ ಅಣಬೆಯತ್ತ ಹೊರಳಿದರೂ ಪ್ರಯೋಜನವಿಲ್ಲ, ಒಂದಕ್ಕೆ ಒಗ್ಗಿದ ದೇಹ ಇನ್ನೊಂದಕ್ಕೂ ಒಗ್ಗಿರುತ್ತದೆ. ಮೇಲಾಗಿ ಒಂದು ಎಲ್‌ಎಸ್‌ಡಿ ಟ್ರಿಪ್ (ಅಮಲಿನ ಅವಧಿ) ಎಂದರೆ 8ರಿಂದ 12 ಗಂಟೆ. ಶಾಲೆ, ಟ್ಯೂಷನ್, ಊಟದ ಮೇಜು ಇವುಗಳ ನಡುವೆ ಅಷ್ಟು ಹೊತ್ತು ಕಾಣೆಯಾಗುವುದು ಸುಲಭವಲ್ಲ. ಗಾಂಜಾಕ್ಕೂ ನಿಕೋಟಿನಿಗೂ ಇಂಥ ತಡೆಗೋಡೆಯಿಲ್ಲ. ದಿನಕ್ಕೆ ಐದು ಸಲ ಎಳೆಯಬಹುದು, ಬಾತ್‌ರೂಮಿನಲ್ಲೂ ಎಳೆಯಬಹುದು. ಅಪರೂಪದ್ದು ಕಣ್ಣಿಗೆ ಬೀಳುತ್ತದೆ, ನಿತ್ಯದ್ದು ಬೇರು ಬಿಡುತ್ತದೆ. ಎಂಡಿಎಂಎ, ಕೆಟಮೈನ್, ಕೆಮ್ಮಿನ ಸಿರಪ್ಪುಗಳ ಕಥೆ ಬೇರೆ. ಕೆಟಮೈನಿನ ಅಮಲು ಒಂದು ಗಂಟೆಯ ಆಸುಪಾಸಿನಲ್ಲಿ ಮುಗಿಯುವುದರಿಂದ ಮತ್ತೆ ಮತ್ತೆ ಬೇಕೆನಿಸುತ್ತದೆ, ಅದಕ್ಕೇ ಅಂಟಿಕೊಂಡವರು ಇದ್ದಾರೆ.

ವ್ಯಸನದ ಲೆಕ್ಕ ಹಾಕುವುದು ಹೇಗೆ

2013ರಲ್ಲಿ ಬಂದ ಡಿಎಸ್‌ಎಂ-5, ಹಲವು ಪದಾರ್ಥಗಳನ್ನು ಒಟ್ಟಿಗೆ ಗಂಟು ಕಟ್ಟುತ್ತಿದ್ದ ಹಳೆಯ 'ಬಹುಪದಾರ್ಥ ಅವಲಂಬನೆ' ಎಂಬ ಹೆಸರನ್ನು ಕೈಬಿಟ್ಟಿತು. ಈಗ ಪ್ರತಿ ಪದಾರ್ಥಕ್ಕೂ ಪ್ರತ್ಯೇಕ ಲೆಕ್ಕ. ಹನ್ನೊಂದು ಲಕ್ಷಣಗಳಿವೆ: ಅಂದುಕೊಂಡದ್ದಕ್ಕಿಂತ ಹೆಚ್ಚು ತೆಗೆದುಕೊಳ್ಳುವುದು, ಬಿಡಲು ನೋಡಿ ಸೋಲುವುದು, ಅದರ ಹಿಂದೆಯೇ ಹೊತ್ತು ಕಳೆಯುವುದು, ತಡೆಯಲಾಗದ ಬಯಕೆ, ಓದು ಅಥವಾ ಮನೆಯ ಹೊಣೆ ಹಾಳಾಗುವುದು, ಸಂಬಂಧ ಕೆಟ್ಟರೂ ಮುಂದುವರಿಸುವುದು, ಇಷ್ಟದ ಆಟ ಹವ್ಯಾಸಗಳನ್ನು ಬಿಡುವುದು, ಅಪಾಯದ ಜಾಗದಲ್ಲಿ ಬಳಸುವುದು, ದೇಹ ಮನಸ್ಸು ಕೆಡುತ್ತಿದೆ ಎಂದು ಗೊತ್ತಿದ್ದೂ ಬಳಸುವುದು, ಪ್ರಮಾಣ ಏರುತ್ತ ಹೋಗುವುದು, ಬಿಟ್ಟಾಗ ವಿತ್‌ಡ್ರಾಯಲ್ (ನಿಲ್ಲಿಸಿದ್ದಕ್ಕೆ ದೇಹ ಮನಸ್ಸು ಪಡುವ ಸಂಕಟ) ಕಾಡುವುದು. 12 ತಿಂಗಳೊಳಗೆ ಎರಡೋ ಮೂರೋ ಕಂಡರೆ ಸೌಮ್ಯ, ನಾಲ್ಕೈದಕ್ಕೆ ಮಧ್ಯಮ, ಆರು ಅಥವಾ ಹೆಚ್ಚಾದರೆ ತೀವ್ರ. ಭ್ರಮಾಜನಕಗಳಿಗೆ ವಿತ್‌ಡ್ರಾಯಲ್ ಎಂಬುದು ದೃಢಪಟ್ಟಿಲ್ಲವಾದ್ದರಿಂದ ಅವುಗಳ ಲೆಕ್ಕ ಹತ್ತಕ್ಕೇ ನಿಲ್ಲುತ್ತದೆ.

ಒಂದು ಕಲ್ಪಿತ ಉದಾಹರಣೆ ಇಟ್ಟುಕೊಳ್ಳೋಣ. 17 ವರ್ಷದ ಹುಡುಗಿ, ಎಲ್‌ಎಸ್‌ಡಿ ಸಿಕ್ಕಿತೆಂದು ಮನೆಯವರು ಕರೆತಂದಿದ್ದಾರೆ. ಗಾಂಜಾದ ಲೆಕ್ಕ ಹಾಕಿದರೆ: ಒಂದು ಸುರುಳಿ ಎಂದು ಕೂತವಳು ಮೂರು ಮುಗಿಸುತ್ತಾಳೆ, ಎರಡು ಸಲ ಬಿಡಲು ನೋಡಿ ಸೋತಿದ್ದಾಳೆ, ಮಧ್ಯಾಹ್ನದಿಂದಲೇ ಬಯಕೆ ಶುರು, ಅಂಕಗಳು ಇಳಿದಿವೆ, ಮೊದಲಿನ ಪ್ರಮಾಣ ಈಗ ಸಾಲದು, ಸಿಗದ ದಿನ ನಿದ್ದೆಯೂ ಇಲ್ಲ, ಊಟವೂ ಸೇರದು, ಸಿಡುಕು. ಆರು ಲಕ್ಷಣ, ತೀವ್ರ. ಮದ್ಯಕ್ಕೆ ಎರಡು, ಸೌಮ್ಯ. ಎಲ್‌ಎಸ್‌ಡಿಗೆ ಒಂದೇ ಒಂದು, ತೆಗೆದುಕೊಂಡು ಎತ್ತರದ ಜಾಗಕ್ಕೆ ಹತ್ತಿ ನಿಂತದ್ದು. ಅಂದರೆ ಯಾವುದಕ್ಕಾಗಿ ಅವಳನ್ನು ಕರೆತಂದರೋ ಅದರ ವ್ಯಸನ ಅವಳಿಗಿಲ್ಲ. ಹಾಗೆಂದು ಅಪಾಯವಿಲ್ಲವೆಂದಲ್ಲ. ವ್ಯಸನ ಬೇರೆ, ಅಪಾಯ ಬೇರೆ. ಎತ್ತರದಿಂದ ಬೀಳಲು ಒಂದೇ ಸಲದ ಬಳಕೆ ಸಾಕು.

ಈ ಪಟ್ಟಿ ದೊಡ್ಡವರನ್ನು ಮನಸ್ಸಿನಲ್ಲಿಟ್ಟು ಹೊಲಿದ ಅಂಗಿ ಎಂಬುದನ್ನೂ ಮರೆಯುವಂತಿಲ್ಲ. ಕುಡಿಯಲು ಶುರುಮಾಡಿದ ಹುಡುಗನಿಗೆ ಮೊದಲ ವರ್ಷ ಪ್ರಮಾಣ ಏರುವುದು ಸಹಜ, ಅದೊಂದನ್ನೇ ಹಿಡಿದು ವ್ಯಸನ ಎನ್ನಲಾಗದು. ಇನ್ನೂ ವಾಹನ ಓಡಿಸದವನಲ್ಲಿ 'ಅಪಾಯದ ಜಾಗ' ಸುಲಭವಾಗಿ ಕಾಣುವುದೂ ಇಲ್ಲ. ಅಂಕಿಗಿಂತ ದಿಕ್ಕು ಮುಖ್ಯ: ಆರು ತಿಂಗಳ ಹಿಂದೆ ಹೇಗಿತ್ತು, ಈಗ ಹೇಗಿದೆ.

ಒಟ್ಟೊಟ್ಟಿಗೆ ಬರುವುದೇಕೆ

ಒಂದು ಇನ್ನೊಂದಕ್ಕೆ ಬಾಗಿಲು ತೆರೆಯುತ್ತದೆ ಎಂಬ ವಾದ ಹಳೆಯದು. ಸಿಗರೇಟು, ಮದ್ಯ, ಗಾಂಜಾ, ಆಮೇಲೆ ಉಳಿದದ್ದು, ಈ ಕ್ರಮ ಬಹಳ ಮಂದಿಯಲ್ಲಿ ಕಾಣುವುದು ನಿಜ. ಆದರೆ ಮುಂಚೆ ಬಂದದ್ದೆಲ್ಲ ಕಾರಣವಾಗುವುದಿಲ್ಲ. ಅವಳಿ ಮಕ್ಕಳ ಮೇಲಿನ ಅಧ್ಯಯನಗಳು ಹೇಳುವುದು, ಬೇರೆ ಬೇರೆ ಪದಾರ್ಥಗಳ ವ್ಯಸನದ ಹಿಂದೆ ಹಂಚಿಕೊಂಡ ಆನುವಂಶಿಕ ಒಲವು ಸಾಕಷ್ಟಿದೆ ಎಂದು. ತಾಳ್ಮೆಯಿಲ್ಲದ, ರೋಚಕತೆ ಹುಡುಕುವ ಸ್ವಭಾವ, ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ), ನಡವಳಿಕೆಯ ತೊಂದರೆಗಳು, ಬಾಲ್ಯದಲ್ಲಿ ಉಂಡ ಹಿಂಸೆ ಇವೂ ಎಲ್ಲ ಪದಾರ್ಥಗಳತ್ತ ಒಟ್ಟಿಗೇ ತಳ್ಳುತ್ತವೆ. ಇದರ ಮೇಲೆ ವಯಸ್ಸು ಬೇರೆ. ಸುಖ ಬೇಡುವ ಜಾಲಗಳು ಹರೆಯದಲ್ಲೇ ಚುರುಕಾದರೆ, ಕಡಿವಾಣ ಹಾಕುವ ಮುಂಭಾಗದ ಮೆದುಳು ಪೂರ್ತಿ ಬಲಿಯಲು ಇಪ್ಪತ್ತರ ನಡುವರೆಗೂ ಹಿಡಿಯುತ್ತದೆ.

ಇವೆಲ್ಲಕ್ಕಿಂತ ಹೆಚ್ಚಾಗಿ ಕಡೆಗಣಿಸಲ್ಪಡುವ ಕಾರಣ ತೀರಾ ಸರಳ: ಒಂದು ಪದಾರ್ಥದ ಕೊನೆಯನ್ನು ನಿಭಾಯಿಸಲು ಇನ್ನೊಂದು. ಟ್ರಿಪ್ಪಿನ ಎಂಟನೇ ಗಂಟೆಗೆ ನಿದ್ದೆ ಬಾರದೆ ಗಾಂಜಾ. ಅದರಿಂದ ದಿಗಿಲು ಇನ್ನೂ ಏರುವುದೂ ಉಂಟು, ಆದರೂ ಎಳೆಯುತ್ತಾರೆ. ಎಂಡಿಎಂಎ ಇಳಿದ ಮೇಲೆ ಎರಡು ಮೂರು ದಿನ ಕಾಡುವ ಬೇಸರಕ್ಕೆ ಮದ್ಯ. ದಿಗಿಲಿಗೆ ಮನೆಯ ಔಷಧಿ ಡಬ್ಬಿಯಿಂದ ಎತ್ತಿದ, ಆತಂಕ ತಗ್ಗಿಸುವ ಮಾತ್ರೆ ಆಲ್‌ಪ್ರಜೊಲಾಮ್. ಹೀಗೆ ಶನಿವಾರದ ಭ್ರಮಾಜನಕ ವಾರದ ಉಳಿದ ದಿನಗಳಿಗೆ ಬೇರೊಂದು ಚಟವನ್ನು ಅಂಟಿಸಿ ಹೋಗುತ್ತದೆ. ಕೇಳುವಾಗ 'ಏನು ತೆಗೆದುಕೊಂಡೆ' ಎಂಬಲ್ಲಿಗೆ ನಿಲ್ಲಿಸದೆ 'ಅದು ಇಳಿಯುವಾಗ ಏನು ತೆಗೆದುಕೊಂಡೆ, ಮರುದಿನ ಏನು' ಎಂದು ಕೇಳಿದರೆ ಈ ಸರಪಳಿ ಬಿಚ್ಚಿಕೊಳ್ಳುತ್ತದೆ.

ಕೇಳುವ ಬಗೆ

ಮೊದಲು ಮಗುವನ್ನು ಒಂಟಿಯಾಗಿ ಕೂರಿಸಿ. ಯಾವ ಮಾತು ಗುಟ್ಟಾಗಿರುತ್ತದೆ, ಯಾವುದು ಇರುವುದಿಲ್ಲ ಎಂಬುದನ್ನು ಪ್ರಶ್ನೆಗೆ ಮುಂಚೆಯೇ ಹೇಳಬೇಕು. ಜೀವಕ್ಕೆ ಅಪಾಯ, ಇನ್ನೊಬ್ಬರಿಗೆ ಅಪಾಯ, ಮಗುವಿನ ಮೇಲೆ ದೌರ್ಜನ್ಯ ಇವು ಮೂರು ಗುಟ್ಟಾಗಿ ಉಳಿಯವು. ಎಲ್ಲ ಕೇಳಿಸಿಕೊಂಡು ಆಮೇಲೆ ಹೇಳಿದರೆ ಅದು ನಂಬಿಕೆದ್ರೋಹ, ಎರಡನೇ ಭೇಟಿಗೆ ಮಗು ಬಾಯಿ ಬಿಡುವುದಿಲ್ಲ.

ಬಳಕೆಯ ಆವರ್ತನ ಕೇಳುವ ಎಸ್2ಬಿಐ ಎಂಬ ಪುಟ್ಟ ಪ್ರಶ್ನಾವಳಿ ಎರಡು ನಿಮಿಷದ ಕೆಲಸ. ಕಳೆದ ವರ್ಷ ತಂಬಾಕು ಎಷ್ಟು ಸಲ, ಮದ್ಯ ಎಷ್ಟು ಸಲ, ಗಾಂಜಾ ಎಷ್ಟು ಸಲ? ಒಮ್ಮೆಯೂ ಇಲ್ಲ, ಒಂದೆರಡು ಸಲ, ತಿಂಗಳಿಗೊಮ್ಮೆ, ವಾರಕ್ಕೊಮ್ಮೆ ಅಥವಾ ಹೆಚ್ಚು. ತಿಂಗಳಿಗೊಮ್ಮೆ ಎಂದವರಲ್ಲಿ ಸೌಮ್ಯ ಅಥವಾ ಮಧ್ಯಮ ವ್ಯಸನದ ಸಂಭವ, ವಾರಕ್ಕೊಮ್ಮೆ ಎಂದವರಲ್ಲಿ ತೀವ್ರ ವ್ಯಸನದ ಸಂಭವ. ಒಂದಕ್ಕಾದರೂ ಹೌದು ಎಂದರೆ ಔಷಧಿ, ಮೂಸುವ ಅಂಟು, ಬೇರೆ ಮಾದಕಗಳ ಪ್ರಶ್ನೆಗೆ ಹೋಗಬೇಕು. 12ರಿಂದ 21 ವರ್ಷದವರಿಗೆಂದು ಮಾಡಿದ ಕ್ರಾಫ್ಟ್ ಎಂಬ ಇನ್ನೊಂದು ಪ್ರಶ್ನಾವಳಿ ಆರು ವಿಷಯ ಕೇಳುತ್ತದೆ: ನಶೆಯಲ್ಲಿದ್ದವರು ಓಡಿಸಿದ ವಾಹನದಲ್ಲಿ ಕೂತದ್ದು, ನಿರಾಳವಾಗಲು ಬಳಸಿದ್ದು, ಒಬ್ಬರೇ ಇದ್ದಾಗ ಬಳಸಿದ್ದು, ಆಮೇಲೆ ನೆನಪಾಗದಿದ್ದದ್ದು, ಮನೆಯವರೋ ಗೆಳೆಯರೋ ಕಡಿಮೆ ಮಾಡು ಎಂದದ್ದು, ತೊಂದರೆಗೆ ಸಿಕ್ಕಿಬಿದ್ದದ್ದು. ಎರಡು 'ಹೌದು' ಬಂದರೆ ಪೂರ್ತಿ ತಪಾಸಣೆ ಬೇಕು. ಇವುಗಳಲ್ಲಿ ಹೆಚ್ಚು ತೂಕ 'ಒಬ್ಬರೇ ಇದ್ದಾಗ' ಎಂಬುದಕ್ಕೆ ಕೊಡಬಹುದು. ಗೆಳೆಯರ ಜತೆಯ ಪ್ರಯೋಗವು ಬಾಗಿಲು ಹಾಕಿಕೊಂಡ ಕೋಣೆಗೆ ಬಂದಿದೆ ಎಂದರೆ ಏನೋ ಬದಲಾಗಿದೆ.

ಆಮೇಲೆ ಕ್ಯಾಲೆಂಡರ್. ಕಳೆದ 90 ದಿನಗಳ ಹಾಳೆ ಎದುರಿಗಿಟ್ಟು ಮೊದಲು ಪರೀಕ್ಷೆ, ಹುಟ್ಟುಹಬ್ಬ, ಪ್ರವಾಸ, ಜ್ವರ ಬಂದ ವಾರ ಇವನ್ನು ಗುರುತಿಸಬೇಕು. ನೆನಪು ಇಂಥ ಗೂಟಗಳಿಗೆ ಕಟ್ಟಿಕೊಂಡಿರುತ್ತದೆ. ಬಳಿಕ ಪ್ರತಿ ಪದಾರ್ಥಕ್ಕೆ ಒಂದೊಂದು ಬಣ್ಣ. ನಿನ್ನೆಯಿಂದ ಶುರುಮಾಡಿ ಹಿಂದಕ್ಕೆ ಹೋಗುವುದು ಸುಲಭ. ತುಂಬಿದ ಹಾಳೆಯಲ್ಲಿ ಎಲ್‌ಎಸ್‌ಡಿಯ ಕೆಂಪು ಎರಡೇ ಕಡೆ, ಗಾಂಜಾದ ಹಸಿರು 71 ಚೌಕಗಳಲ್ಲಿ ಇದ್ದರೆ ಉಪದೇಶದ ಅಗತ್ಯವೇ ಇಲ್ಲ, ಹಾಳೆಯೇ ಮಾತಾಡುತ್ತದೆ. ಎರಡು ಬಣ್ಣ ಒಂದೇ ಚೌಕದಲ್ಲಿ ಬಿದ್ದ ದಿನಗಳಿಗೆ ಸುತ್ತು ಹಾಕಿ. ಆಸ್ಪತ್ರೆ ಸೇರಿಸುವ ದಿನಗಳು ಹೆಚ್ಚಾಗಿ ಅವೇ.

ಮೂತ್ರ ಪರೀಕ್ಷೆಯನ್ನು ಅತಿಯಾಗಿ ನಂಬಿದವರು ಮೋಸ ಹೋಗುತ್ತಾರೆ. ಸಾಮಾನ್ಯ ಐದರ ಪ್ಯಾನೆಲ್ ಹುಡುಕುವುದು ಗಾಂಜಾ, ಕೊಕೇನ್, ಆಂಫೆಟಮೈನ್, ಅಫೀಮಿನ ಜಾತಿ, ಪಿಸಿಪಿ ಇಷ್ಟನ್ನೇ. ಎಲ್‌ಎಸ್‌ಡಿ, ಸೈಲೋಸೈಬಿನ್, ಕೆಟಮೈನ್ ಅದರ ಬಲೆಗೆ ಬೀಳವು. ಬೇರೆಯಾಗಿ ಕೇಳಿ ಮಾಡಿಸಿದರೂ ಎಲ್‌ಎಸ್‌ಡಿ ಸಿಗುವುದು ಕೆಲವೇ ದಿನ, ಅಣಬೆಯ ಅಂಶ ಒಂದು ದಿನದ ಆಸುಪಾಸು. ಗಾಂಜಾ ಮಾತ್ರ ದಿನಾ ಸೇದುವವರಲ್ಲಿ ಬಿಟ್ಟ ಮೂರು ನಾಲ್ಕು ವಾರದ ಮೇಲೂ ಕಾಣಿಸಬಹುದು. ಆದ್ದರಿಂದ ಎರಡನೇ ವಾರದ ಪಾಸಿಟಿವ್ ಹಿಡಿದು 'ಸುಳ್ಳು ಹೇಳಿದೆ' ಎನ್ನುವುದು ಅನ್ಯಾಯ. ಡೆಕ್ಸ್ಟ್ರೊಮೆಥಾರ್ಫನ್, ಟ್ರಮಡಾಲ್ (ನೋವಿನ ಮಾತ್ರೆ), ವೆನ್ಲಫ್ಯಾಕ್ಸಿನ್ (ಖಿನ್ನತೆಯ ಮಾತ್ರೆ) ತೆಗೆದುಕೊಂಡವರಲ್ಲಿ ಪಿಸಿಪಿ ಇದೆಯೆಂದು ತಪ್ಪಾಗಿ ಬರುವುದುಂಟು. ಮಾದರಿ ಕೊಟ್ಟ ನಾಲ್ಕು ನಿಮಿಷದೊಳಗೆ 32ರಿಂದ 38 ಡಿಗ್ರಿ ಸೆಲ್ಸಿಯಸ್ ಇರಬೇಕು, ಕ್ರಿಯಾಟಿನಿನ್ ಡೆಸಿಲೀಟರಿಗೆ 20 ಮಿಲಿಗ್ರಾಮಿಗಿಂತ ಕಡಿಮೆಯಿದ್ದರೆ ನೀರು ಬೆರೆತಿದೆ ಅಥವಾ ವಿಪರೀತ ನೀರು ಕುಡಿದಿದ್ದಾರೆ ಎಂದರ್ಥ. ಮನೆಯಲ್ಲೇ ಗುಟ್ಟಾಗಿ ಕಿಟ್ ತಂದು ಪರೀಕ್ಷಿಸುವುದು ಸಂಬಂಧವನ್ನು ಕೆಡಿಸುತ್ತದೆ, ಉತ್ತರವನ್ನಂತೂ ಕೊಡುವುದಿಲ್ಲ.

ಬೆರೆತಾಗ ಆಗುವ ಅನಾಹುತ

ಕೆಟಮೈನಿನ ಜತೆ ಮದ್ಯ ಅಥವಾ ನಿದ್ದೆಮಾತ್ರೆ ಸೇರಿದರೆ ಪ್ರಜ್ಞೆ ತಪ್ಪಿ ವಾಂತಿ ಶ್ವಾಸಕೋಶಕ್ಕೆ ಇಳಿಯಬಹುದು, ಉಸಿರೇ ನಿಲ್ಲಬಹುದು. ಅಂಥವರನ್ನು ಅಂಗಾತ ಮಲಗಿಸಬಾರದು, ಒಂದು ಮಗ್ಗುಲಿಗೆ ಹೊರಳಿಸಿ ಆಂಬುಲೆನ್ಸ್ ಕರೆಯಬೇಕು. ಖಿನ್ನತೆಗೆಂದು ಎಸ್‌ಎಸ್‌ಆರ್‌ಐ ಮಾತ್ರೆ ತೆಗೆದುಕೊಳ್ಳುವ ಮಗು ಕೆಮ್ಮಿನ ಸಿರಪ್ಪನ್ನು ಬಾಟಲಿಗಟ್ಟಲೆ ಕುಡಿದರೆ, ಅಥವಾ ಎಂಡಿಎಂಎ ಮೇಲೆ ಟ್ರಮಡಾಲ್ ನುಂಗಿದರೆ ಸೆರೊಟೋನಿನ್ ಮಿತಿಮೀರಿ ಸೆರೊಟೋನಿನ್ ಸಿಂಡ್ರೋಮ್ ಬರಬಹುದು: ಬೆವರು, ಜ್ವರ, ಭೇದಿ, ತಳಮಳ, ಪಾದವನ್ನು ಮೇಲಕ್ಕೆ ತಳ್ಳಿ ಹಿಡಿದರೆ ತಾಳ ಹಾಕಿದಂತೆ ಕುಣಿಯುವುದು. ಕೆಮ್ಮಿನ ಸಿರಪ್ಪಿನಲ್ಲಿ ಇನ್ನೊಂದು ಬಲೆಯಿದೆ. ಅನೇಕ ಸಿರಪ್ಪುಗಳಲ್ಲಿ ಪ್ಯಾರಸಿಟಮಾಲ್ ಕೂಡ ಇರುತ್ತದೆ. ಅಮಲು ಇಳಿದು ಎಲ್ಲ ಸರಿಹೋಯಿತು ಎನ್ನುವಾಗ, ಎರಡನೆಯ ಮೂರನೆಯ ದಿನ ಯಕೃತ್ತು ಕೈಕೊಡುತ್ತದೆ. ಹಾಗಾಗಿ ರಕ್ತದ ಪ್ಯಾರಸಿಟಮಾಲ್ ಮಟ್ಟ ನೋಡದೆ ಇಂಥವರನ್ನು ಮನೆಗೆ ಕಳಿಸಬಾರದು. ಬೈಪೋಲಾರ್ ಕಾಯಿಲೆಗೆ ಲಿಥಿಯಂ ತೆಗೆದುಕೊಳ್ಳುವವರು ಎಲ್‌ಎಸ್‌ಡಿ ಅಥವಾ ಅಣಬೆ ತೆಗೆದುಕೊಂಡಾಗ ಫಿಟ್ಸ್ ಬಂದ ವರದಿಗಳಿವೆ. ಎಂಡಿಎಂಎ ತೆಗೆದುಕೊಂಡು ಕುಣಿದು ಸುಸ್ತಾದವರಿಗೆ ಲೀಟರುಗಟ್ಟಲೆ ನೀರು ಕುಡಿಸುವುದೂ ತಪ್ಪು: ರಕ್ತದ ಸೋಡಿಯಂ ಕುಸಿದು ತಲೆನೋವು, ವಾಂತಿ, ಗೊಂದಲ, ಕೊನೆಗೆ ಫಿಟ್ಸ್.

ಸ್ಟಾಂಪಿನಲ್ಲಿರುವುದು ಎಲ್‌ಎಸ್‌ಡಿಯೇ ಎಂಬ ಖಾತ್ರಿಯೂ ಇಲ್ಲ. ಎನ್‌ಬಿಒಎಂಇ ಎಂಬ ಕೃತಕ ಪದಾರ್ಥಗಳನ್ನು ಹಾಗೆ ಮಾರಿದ್ದರಿಂದ ಸಾವುಗಳಾಗಿವೆ.

ತಪ್ಪು ಗುರುತಿಸುವಿಕೆ ಇನ್ನೂ ದುಬಾರಿ. 'ಇಲ್ಲದ್ದು ಕಾಣಿಸುತ್ತಿದೆ' ಎಂದ ಕೂಡಲೇ ಟ್ರಿಪ್ ಎಂದುಕೊಳ್ಳುತ್ತಾರೆ. ದಿನಾ ಕುಡಿಯುವ ಅಥವಾ ಆಲ್‌ಪ್ರಜೊಲಾಮ್ ನುಂಗುವ ಮಗು ಒಮ್ಮೆಲೇ ನಿಲ್ಲಿಸಿದ್ದರೂ ಹಾಗೇ ಆಗುತ್ತದೆ. ಎಲ್‌ಎಸ್‌ಡಿಯಲ್ಲಿ ಕಣ್ಣಪಾಪೆ ಅಗಲವಾಗಿರುತ್ತದೆ, ಗೋಡೆ ಉಸಿರಾಡಿದಂತೆ ಕಾಣುತ್ತದೆ, ಆದರೆ ತಾನು ಯಾರು, ಎಲ್ಲಿದ್ದೇನೆ ಎಂಬುದು ಸಾಮಾನ್ಯವಾಗಿ ಗೊತ್ತಿರುತ್ತದೆ. ಮದ್ಯದ ವಿತ್‌ಡ್ರಾಯಲ್‌ನಲ್ಲಿ ಕೈ ನಡುಗುತ್ತದೆ, ಕೊನೆಯ ಗುಟುಕಿನ ನಂತರದ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು, ಎರಡು ಮೂರು ದಿನಕ್ಕೆ ದಿನ, ಜಾಗ ತಿಳಿಯದ ಸನ್ನಿ ಹಿಡಿಯಬಹುದು. ದತ್ತೂರ ತಿಂದವರಲ್ಲಿ ಚರ್ಮ ಒಣಗಿ ಕೆಂಪಾಗಿ ಬಿಸಿಯಾಗಿರುತ್ತದೆ, ಮೂತ್ರ ಕಟ್ಟಿರುತ್ತದೆ, ಮಾತು ತೊದಲು. ಮೂರಕ್ಕೂ ಚಿಕಿತ್ಸೆ ಬೇರೆ. ಬರೀ ಎಲ್‌ಎಸ್‌ಡಿಯ ದಿಗಿಲಾದರೆ ಮಂದ ಬೆಳಕು, ಸದ್ದಿಲ್ಲದ ಕೋಣೆ, ಮಾತಾಡಲು ಒಬ್ಬರೇ ಒಬ್ಬರು, ಇಷ್ಟರಲ್ಲೇ ಅರ್ಧ ಇಳಿಯುತ್ತದೆ. ಸಾಲದಿದ್ದರೆ ವೈದ್ಯರು ಲೊರಾಜೆಪಾಮ್‌ನಂಥ ಶಾಮಕ ಔಷಧಿ ಕೊಡುತ್ತಾರೆ. ನಾಲ್ಕು ಜನ ಹಿಡಿದು ಕಟ್ಟಿಹಾಕುವುದು ದಿಗಿಲನ್ನೂ ಮೈಬಿಸಿಯನ್ನೂ ಏರಿಸುತ್ತದೆ.

ಯಾವುದು ಮೊದಲು

ಚಿಕಿತ್ಸೆಯ ಕ್ರಮವನ್ನು ಮನೆಯವರ ಭಯ ನಿರ್ಧರಿಸಬಾರದು, ವಿತ್‌ಡ್ರಾಯಲ್ ನಿರ್ಧರಿಸಬೇಕು. ಮದ್ಯ ಮತ್ತು ನಿದ್ದೆಮಾತ್ರೆ ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೆ ಕುತ್ತು, ಅವನ್ನು ವೈದ್ಯರ ಕಣ್ಗಾವಲಲ್ಲಿ ಹಂತ ಹಂತವಾಗಿ ಇಳಿಸಬೇಕು. ಅಫೀಮಿನ ಜಾತಿಯದಾದರೆ ಬಯಕೆ, ಸಂಕಟ ತಗ್ಗಿಸುವ ಬ್ಯುಪ್ರಿನಾರ್ಫಿನ್ ಇದೆ (ಅಮೆರಿಕದಲ್ಲಿ 16 ವರ್ಷದಿಂದ ಮೇಲ್ಪಟ್ಟವರಿಗೆ ಅನುಮತಿ ಇದೆ), ಮನೆಯಲ್ಲಿ ಮಿತಿಮೀರಿದ ಅಮಲನ್ನು ಇಳಿಸುವ ನಲೋಕ್ಸೋನ್ ಇಟ್ಟಿರಬೇಕು. ಗಾಂಜಾ ಬಿಟ್ಟವರಿಗೆ ಒಂದರಿಂದ ಮೂರು ದಿನದಲ್ಲಿ ಸಿಡುಕು, ನಿದ್ರಾಹೀನತೆ, ಊಟ ಸೇರದಿರುವುದು ಶುರುವಾಗಿ, ಮೊದಲ ವಾರದಲ್ಲೇ ಉಲ್ಬಣಿಸಿ, ಎರಡು ವಾರದಲ್ಲಿ ತಗ್ಗುತ್ತದೆ. ನಿದ್ದೆ ಸರಿಹೋಗಲು ತಿಂಗಳು ಮೀರಬಹುದು. ಇದನ್ನು ಮೊದಲೇ ಹೇಳಿರದಿದ್ದರೆ ಮಗು ನಾಲ್ಕನೇ ರಾತ್ರಿಗೆ ಕೈಚೆಲ್ಲುತ್ತದೆ. ಎಲ್‌ಎಸ್‌ಡಿಯನ್ನು ಇವತ್ತೇ ನಿಲ್ಲಿಸಬಹುದು, ಏನೂ ಆಗದು.

ಭ್ರಮಾಜನಕದ ವ್ಯಸನಕ್ಕೆಂದೇ ಅನುಮತಿ ಪಡೆದ ಔಷಧಿಯಿಲ್ಲ, ಗಾಂಜಾಕ್ಕೂ ಇಲ್ಲ. 15ರಿಂದ 21 ವರ್ಷದ 116 ಮಂದಿಯ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಔಷಧಿ ಗಾಂಜಾ ಬಿಡಲು ನೆರವಾದಂತೆ ಕಂಡಿತು. ದೊಡ್ಡವರ ಮೇಲೆ ನಡೆದ 2017ರ ಪ್ರಯೋಗದಲ್ಲಿ ಆ ಫಲ ಸಿಗಲಿಲ್ಲ. ನಿಜವಾದ ಕೆಲಸ ನಡೆಯುವುದು ಮಾತಿನಲ್ಲಿ ಮತ್ತು ಮನೆಯಲ್ಲಿ: ಬದಲಾಗುವ ಮನಸ್ಸನ್ನು ಮಗುವಿನ ಬಾಯಿಂದಲೇ ಹೊರಡಿಸುವ ಸಂದರ್ಶನ, ಪ್ರಚೋದನೆ ಗುರುತಿಸಿ ಬೇರೆ ದಾರಿ ಕಲಿಸುವ ಸಿಬಿಟಿ ಎಂಬ ಮಾತಿನ ಚಿಕಿತ್ಸೆ, ಇಡೀ ಕುಟುಂಬವನ್ನು ಕೂರಿಸಿಕೊಳ್ಳುವ ಚಿಕಿತ್ಸೆ. ಹರೆಯದವರಲ್ಲಿ ಗಟ್ಟಿ ಆಧಾರವಿರುವುದು ಕುಟುಂಬ ಚಿಕಿತ್ಸೆಗೆ. ಶುದ್ಧ ಮಾದರಿಗೊಂದು ಸಣ್ಣ ಬಹುಮಾನ, ಸತತವಾದರೆ ಬೆಲೆ ಏರುತ್ತದೆ, ತಪ್ಪಿದರೆ ಮೊದಲಿನ ಬೆಲೆಗೆ ಇಳಿಯುತ್ತದೆ ಎಂಬ ಪದ್ಧತಿಯೂ ಇದೆ. ಲಂಚ ಎಂದು ಮೂಗು ಮುರಿಯುವವರಿದ್ದಾರೆ. ಆದರೆ ಹತ್ತು ವರ್ಷದ ಮೇಲಿನ ಆರೋಗ್ಯಕ್ಕಿಂತ ಈ ಶುಕ್ರವಾರದ ಬಹುಮಾನ ಹದಿನಾರರ ಮೆದುಳಿಗೆ ಹತ್ತಿರ. ಇಲ್ಲಿ ಯಾವ ಪದಾರ್ಥದ ಮಾದರಿಗೆ ಬಹುಮಾನ ಎಂಬುದನ್ನು ಎಚ್ಚರದಿಂದ ಆರಿಸಬೇಕು. ಐದರ ಪ್ಯಾನೆಲ್ ಹಿಡಿಯದ ಎಲ್‌ಎಸ್‌ಡಿಗೆ ಬಹುಮಾನ ಇಟ್ಟರೆ ಎಲ್ಲರೂ ಗೆಲ್ಲುತ್ತಾರೆ!

ಮನಸ್ಸಿನ ಕಾಯಿಲೆಗಳನ್ನು 'ಚಟ ಬಿಡಲಿ, ಆಮೇಲೆ ನೋಡೋಣ' ಎಂದು ಮುಂದೂಡಿದರೆ ಎರಡೂ ಉಳಿಯುತ್ತವೆ. ಖಿನ್ನತೆ, ಆಘಾತದ ನೆನಪು, ಎಡಿಎಚ್‌ಡಿ ಇವುಗಳ ಚಿಕಿತ್ಸೆ ಜತೆಜತೆಗೇ ನಡೆಯಬೇಕು. ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳಬೇಕು, ಕೇಳಿದ್ದರಿಂದ ಯೋಚನೆ ಹುಟ್ಟುವುದಿಲ್ಲ. ನಶೆ ಇಳಿದು ತಿಂಗಳಾದರೂ ದನಿ ಕೇಳುವುದು, ಸಂಶಯ ನಿಲ್ಲದಿದ್ದರೆ ಅದನ್ನು ಪದಾರ್ಥದ ತಲೆಗೆ ಕಟ್ಟುವಂತಿಲ್ಲ. 2020ರ ಒಂದು ಅಧ್ಯಯನ ಸಂಗ್ರಹದ ಪ್ರಕಾರ ಗಾಂಜಾದಿಂದ ಬಂದ ಸೈಕೋಸಿಸ್ (ನಿಜ ಯಾವುದು ಎಂಬ ಅರಿವು ತಪ್ಪುವ ಸ್ಥಿತಿ) ಶೇ. 34 ಮಂದಿಯಲ್ಲಿ, ಭ್ರಮಾಜನಕದಿಂದ ಬಂದದ್ದು ಶೇ. 26 ಮಂದಿಯಲ್ಲಿ ಮುಂದೆ ಸ್ಕಿಜೋಫ್ರೇನಿಯಾ ಎಂಬ ದೀರ್ಘಕಾಲದ ಮನೋರೋಗವಾಗಿ ತಿರುಗಿತು. ಇಲ್ಲೂ ಗಾಂಜಾವೇ ಮುಂದೆ. ಇನ್ನು ಕೆಲವರಲ್ಲಿ ಟ್ರಿಪ್ ಮುಗಿದು ತಿಂಗಳುಗಳಾದರೂ ದೀಪದ ಸುತ್ತ ಪ್ರಭೆ, ಚಲಿಸುವ ವಸ್ತುವಿನ ಹಿಂದೆ ನೆರಳಿನ ಸಾಲು, ಹಳೆಯ ಟಿವಿಯಂತೆ ಕಣ್ಣಮುಂದೆ ಚುಕ್ಕೆಗಳು ಉಳಿಯುತ್ತವೆ. ಅದು ಸೈಕೋಸಿಸ್ ಅಲ್ಲ, ಕಾಣುವುದು ನಿಜವಲ್ಲ ಎಂದು ಅವರಿಗೆ ಗೊತ್ತು. ಗಾಂಜಾ ಎಳೆದರೆ ಇದು ಹೆಚ್ಚಾಗುತ್ತದೆ ಎಂದು ಹಲವರು ಹೇಳುತ್ತಾರೆ, ಗಾಂಜಾ ಬಿಡಲು ಕೆಲವರಿಗೆ ಸಿಗುವ ಮೊದಲ ಸ್ವಂತ ಕಾರಣ ಅದೇ.

ಮೂರು ತಿಂಗಳಿಗೆ ಅದೇ ಕ್ಯಾಲೆಂಡರನ್ನು ಮತ್ತೆ ತುಂಬಿಸಬೇಕು. ಹಸಿರು ಚೌಕಗಳು 71ರಿಂದ 12ಕ್ಕೆ ಇಳಿದಿದ್ದರೆ ಸಂತೋಷ, ಆದರೆ ಮದ್ಯದ ನೀಲಿ ಏರಿದೆಯೇ, ವೇಪಿನ ಹಳದಿ ದಟ್ಟವಾಗಿದೆಯೇ ಎಂದು ಪಕ್ಕದಲ್ಲೇ ನೋಡಬೇಕು. ಒಂದು ಜಾಗ ಖಾಲಿಯಾದಾಗ ಇನ್ನೊಂದು ಬಂದು ಕೂರುವುದು ಸಾಮಾನ್ಯ. ಕೆಂಪು ಒಂದೇ ಒಂದು ಚೌಕದಲ್ಲಿ ಮರುಕಳಿಸಿದ್ದರೆ ಆ ದಿನದ ಹಿಂದಿನ ಮೂರು ಚೌಕಗಳಲ್ಲಿ ಏನಿತ್ತು ಎಂಬುದೇ ಅಂದಿನ ಭೇಟಿಯ ಮೊದಲ ಪ್ರಶ್ನೆ.